ಮೆನು ಕಾಲ್‌ಬ್ಯಾಕ್‌ಗೆ ಆರ್ಗ್ಯುಮೆಂಟ್: ಯಾವ ಹೊತ್ತಿನ ಮೌಲ್ಯ ಬೇಕು?

ಪೈಥಾನ್‌ನಲ್ಲಿ ವಿಂಡೋ, ಮೆನು ಕಟ್ಟುವ ಲೈಬ್ರರಿಯಾದ ಟಿಕಿಂಟರ್‌ನಲ್ಲಿ ‘ಇತ್ತೀಚಿನ ಫೈಲುಗಳು’ ಎಂಬ ಮೆನು ಕಟ್ಟಬೇಕು ಎನ್ನಿ. ಐಟಂ ಒತ್ತಿದಾಗ ಓಡಬೇಕಾದ ಫಂಕ್ಷನ್ನೇ ಕಾಲ್‌ಬ್ಯಾಕ್; ಅದನ್ನು ಐಟಂನ ‘ಕಮಾಂಡ್’ಗೆ ಕೊಡುತ್ತೇವೆ. ಎಲ್ಲ ಐಟಂಗಳಿಗೂ ‘ತೆರೆ’ ಎಂಬ ಒಂದೇ ಫಂಕ್ಷನ್, ಬದಲಾಗುವುದು ಪಾತ್ (ಫೈಲಿನ ವಿಳಾಸ) ಮಾತ್ರ. ಕಮಾಂಡ್=ತೆರೆ(ಪಾತ್) ಎಂದು ಬರೆದರೆ ಮೆನು ಕಟ್ಟುವಾಗಲೇ ಫಂಕ್ಷನ್ ಓಡಿಬಿಡುತ್ತದೆ. ಕಮಾಂಡ್‌ಗೆ ದಕ್ಕುವುದು ಅದು ಹಿಂತಿರುಗಿಸಿದ ನನ್ (None, ‘ಏನೂ ಇಲ್ಲ’ ಎಂಬ ಮೌಲ್ಯ). ಆಮೇಲೆ ಎಷ್ಟು ಒತ್ತಿದರೂ ಏನೂ ಆಗದು, ಎರರ್ ಕೂಡ ಬಾರದು.

ಕಮಾಂಡ್=ಲ್ಯಾಂಬ್ಡಾ: ತೆರೆ(ಪಾತ್) ಎಂದು ಬದಲಿಸಿದರೆ ಒಂಟಿ ಐಟಂಗೆ ಸಾಕು; ಲ್ಯಾಂಬ್ಡಾ ಎಂದರೆ ಕರೆದಾಗ ಮಾತ್ರ ಓಡುವ, ಹೆಸರಿಲ್ಲದ ಪುಟ್ಟ ಫಂಕ್ಷನ್. ಫಾರ್ ಲೂಪಿನೊಳಗೆ ಮಾತ್ರ ಯಾವ ಐಟಂ ಒತ್ತಿದರೂ ಪಟ್ಟಿಯ ಕೊನೆಯ ಫೈಲೇ ತೆರೆಯುತ್ತದೆ. ಲ್ಯಾಂಬ್ಡಾ ಹಿಡಿದಿಡುವುದು ಪಾತ್ ಎಂಬ ವೇರಿಯಬಲ್ಲನ್ನು, ಆಗ ಅದರಲ್ಲಿದ್ದ ಮೌಲ್ಯವನ್ನಲ್ಲ. ಕ್ಲಿಕ್ ಆಗುವ ಹೊತ್ತಿಗೆ ಲೂಪ್ ಮುಗಿದಿರುತ್ತದೆ. ಲ್ಯಾಂಬ್ಡಾ ಪ=ಪಾತ್: ತೆರೆ(ಪ) ಎಂದು ಬರೆಯಿರಿ; ಡಿಫಾಲ್ಟ್ ಮೌಲ್ಯ ಲ್ಯಾಂಬ್ಡಾ ಹುಟ್ಟುವಾಗಲೇ ನಿಗದಿಯಾಗುತ್ತದೆ. ಪೈಥಾನ್‌ನ ಫಂಕ್‌ಟೂಲ್ಸ್ ಮಾಡ್ಯೂಲಿನ ಪಾರ್ಷಿಯಲ್(ತೆರೆ, ಪಾತ್) ಕೂಡ ಇದನ್ನೇ ಮಾಡುತ್ತದೆ: ಆರ್ಗ್ಯುಮೆಂಟನ್ನು ಮೊದಲೇ ಫಂಕ್ಷನ್‌ಗೆ ಕಟ್ಟಿಡುತ್ತದೆ. ಉದ್ದೇಶ ಓದಿದೊಡನೆ ಗೊತ್ತಾಗುವುದರಿಂದ ನನಗೆ ಇದೇ ಮೆಚ್ಚು.

ಹಾಗೆಂದು ಎಲ್ಲೆಡೆ ಪಾರ್ಷಿಯಲ್ ಹಾಕಬಾರದು. ರೇಡಿಯೋಬಟನ್‌ನಲ್ಲಿ ಬಳಕೆದಾರ ಎನ್‌ಕೋಡಿಂಗ್ ಆರಿಸುತ್ತಾನೆ, ‘ಉಳಿಸು’ ಒತ್ತಿದಾಗ ಅದು ಬೇಕು. ಅಲ್ಲಿ ಪಾರ್ಷಿಯಲ್(ಉಳಿಸು, ಎನ್‌ಕೋಡಿಂಗ್.ಗೆಟ್()) ಎಂದರೆ ಮೆನು ಕಟ್ಟಿದಾಗಿನ ಹಳೆಯ ಆಯ್ಕೆಯೇ ಶಾಶ್ವತ. ಆಯ್ಕೆಯನ್ನು ಹಿಡಿದಿಡುವ ಎನ್‌ಕೋಡಿಂಗ್ ಎಂಬ ಸ್ಟ್ರಿಂಗ್‌ವಾರ್ ಆಬ್ಜೆಕ್ಟನ್ನೇ ಕಳಿಸಿ, ಗೆಟ್ ಅನ್ನು ‘ಉಳಿಸು’ವಿನ ಒಳಗೆ ಕರೆಯಿರಿ.

ಟೂಲ್‌ಕಿಟ್ (ಟಿಕಿಂಟರ್‌ನಂಥ ಲೈಬ್ರರಿ) ಕಾಲ್‌ಬ್ಯಾಕ್‌ಗೆ ತಾನಾಗಿ ಏನು ಕಳಿಸುತ್ತದೆ ಎಂಬುದನ್ನೂ ನೋಡಬೇಕು. ಟಿಕಿಂಟರ್‌ನ ಕಮಾಂಡ್ ಏನನ್ನೂ ಕಳಿಸದು. ಡಬ್ಲ್ಯೂಎಕ್ಸ್‌ಪೈಥಾನ್ ಇವೆಂಟನ್ನು (ಏನು ನಡೆಯಿತು ಎಂದು ಹೇಳುವ ಆಬ್ಜೆಕ್ಟನ್ನು) ಕಳಿಸುತ್ತದೆ. ಪೈಕ್ಯೂಟಿಯ ಟ್ರಿಗರ್ಡ್ ಸಿಗ್ನಲ್ ಚೆಕ್ಡ್ ಎಂಬ ಬೂಲಿಯನ್ ಕಳಿಸುತ್ತದೆ, ಮೋಸ ಹೆಚ್ಚು ಇಲ್ಲೇ. ಲ್ಯಾಂಬ್ಡಾ ಪ=ಪಾತ್ ಎಂದಿದ್ದರೆ ಫಾಲ್ಸ್ ಬಂದು ‘ಪ’ದ ಜಾಗದಲ್ಲಿ ಕೂರುತ್ತದೆ. ಅದು ಪೈಥಾನ್‌ನ ಓಪನ್‌ಗೆ ಹೋದರೆ 0 ಎಂದೇ ಲೆಕ್ಕ; 0 ಸ್ಟ್ಯಾಂಡರ್ಡ್ ಇನ್‌ಪುಟ್‌ನ ಸಂಖ್ಯೆಯಾದ್ದರಿಂದ ಫೈಲಿನ ಬದಲು ಅದೇ ತೆರೆದುಕೊಳ್ಳುತ್ತದೆ. ಲ್ಯಾಂಬ್ಡಾ ಚೆಕ್ಡ್, ಪ=ಪಾತ್: ತೆರೆ(ಪ) ಎಂದರೆ ಸರಿ.

ಶಾರ್ಟ್‌ಕಟ್ ಸೇರಿಸುವಾಗಲೂ ಇದೇ ಗೊಡವೆ. ಟಿಕಿಂಟರ್‌ನ ಆಕ್ಸಿಲರೇಟರ್ ಮೆನುವಿನಲ್ಲಿ ‘ಕಂಟ್ರೋಲ್+ಓ’ ಎಂದು ತೋರಿಸುತ್ತದೆ, ಅಷ್ಟೇ. ಕೀ ಕೆಲಸ ಮಾಡಲು ಅದನ್ನು ಫಂಕ್ಷನ್‌ಗೆ ಜೋಡಿಸುವ ಬೈಂಡ್ ಬೇರೆಯೇ ಬೇಕು, ಅದರಲ್ಲಿ ಓ ಸಣ್ಣಕ್ಷರವಾಗಿರಬೇಕು. ದೊಡ್ಡಕ್ಷರವಾದರೆ ಶಿಫ್ಟ್ ಕೂಡ ಒತ್ತಬೇಕಾಗುತ್ತದೆ. ಬೈಂಡ್ ಒಂದು ಇವೆಂಟ್ ಕಳಿಸುತ್ತದೆ, ಕಮಾಂಡ್ ಕಳಿಸದು. ಹಾಗಾಗಿ ಮೆನುವಿನಲ್ಲಿ ನಡೆದ ಪಾರ್ಷಿಯಲ್, ಕೀ ಒತ್ತಿದಾಗ ಒಂದು ಆರ್ಗ್ಯುಮೆಂಟ್ ಹೆಚ್ಚಾಗಿ ಟೈಪ್‌ಎರರ್ ಕೊಡುತ್ತದೆ. ಲ್ಯಾಂಬ್ಡಾ ಇವೆಂಟ್=ನನ್, ಪ=ಪಾತ್: ತೆರೆ(ಪ) ಎಂದು ಬರೆದರೆ ಒಂದೇ ಲ್ಯಾಂಬ್ಡಾ ಎರಡೂ ಕಡೆ ನಡೆಯುತ್ತದೆ.