ಟ್ಯೂಬ್‌ಲೈಟು, ಫ್ಯಾನು ಮತ್ತು ವಿದ್ಯಾರ್ಥಿಗಳ ವಿಡಿಯೋ

ಕಾಲೇಜಿನ ಪತ್ರಿಕೋದ್ಯಮ ವಿಭಾಗದಲ್ಲಿ ಎಡಿಟಿಂಗ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಸೆಮಿಸ್ಟರ್ ಕೊನೆಯಲ್ಲಿ ಎಲ್ಲ ತಂಡಗಳ ಫೂಟೇಜ್ ನನ್ನ ಕಣ್ಣ ಮುಂದೆ ಹಾದು ಹೋಗುತ್ತದೆ. ಪ್ರಾಜೆಕ್ಟ್ ಶುರುವಾಗುವಾಗ ಎಲ್ಲರೂ ಕೇಳುವುದು ಒಂದೇ: "ಸರ್, ಯಾವ ಕ್ಯಾಮೆರಾ ತಗೊಳ್ಳೋಣ?" ಕೈಯಲ್ಲಿರುವ ಫೋನೇ ಸಾಕು ಅಂದರೆ ಮುಖ ಸಪ್ಪಗಾಗುತ್ತದೆ. ಆದರೆ ಕ್ಯಾಮೆರಾದಿಂದ ಕೆಟ್ಟ ವಿಡಿಯೋ ಕಡಿಮೆ. ಶೂಟ್ ಮಾಡಿದ ಕೋಣೆಯಿಂದ ಕೆಟ್ಟದ್ದೇ ಜಾಸ್ತಿ.

ಮೊದಲು ಟ್ಯೂಬ್‌ಲೈಟ್. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಹಾಗಾಗಿ ಹಳೆಯ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಇದು ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಶಟರ್, ಅಂದರೆ ಒಂದೊಂದು ಚಿತ್ರಕ್ಕೂ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು, 1/60 ಸೆಕೆಂಡ್ ಇದ್ದರೆ ಹಿಂದಿನ ಗೋಡೆಯ ಮೇಲೆ ಮಬ್ಬು ಪಟ್ಟಿಗಳು ಹರಿದಾಡತೊಡಗುತ್ತವೆ. ಅದೇ 1/50 ಅಥವಾ 1/100 ಇಟ್ಟರೆ ಮಾಯ. ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆ, 25 ಇಡಿ. ಐಫೋನಿನಲ್ಲಿ ಕ್ಯಾಮೆರಾ ಸೆಟ್ಟಿಂಗ್ಸ್‌ಗೆ ಹೋಗಿ ಪಾಲ್ (PAL) ಫಾರ್ಮ್ಯಾಟ್ ಆನ್ ಮಾಡಿದರೆ 25 ಕಾಣಿಸಿಕೊಳ್ಳುತ್ತದೆ. ಶಟರ್ ನಾವೇ ಹೊಂದಿಸಬೇಕೆಂದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಇದೆ. ದುಡ್ಡು ಕೊಡಬೇಕಿಲ್ಲ, ಐಫೋನಿಗೂ ಸಿಗುತ್ತದೆ, ಕೆಲವು ಆಂಡ್ರಾಯ್ಡ್ ಫೋನಿಗೂ ಸಿಗುತ್ತದೆ.

ಇಷ್ಟೆಲ್ಲ ತಲೆನೋವು ಬೇಡ ಅಂದರೆ, ಹಗಲಿನಲ್ಲಿ ಲೈಟ್ ಆರಿಸಿ, ಸಂದರ್ಶನ ಕೊಡುವವರನ್ನು ಕಿಟಕಿ ಪಕ್ಕ ಕೂರಿಸಿ. ಪಕ್ಕ, ಕಿಟಕಿಗೆ ಬೆನ್ನು ಹಾಕಿ ಅಲ್ಲ! ಪರದೆಯ ಮೇಲೆ ಮಾತಾಡುವವರ ಮುಖವನ್ನು ಬೆರಳಲ್ಲಿ ಒತ್ತಿ ಹಿಡಿದರೆ ಫೋಕಸ್, ಬೆಳಕು ಎರಡೂ ಲಾಕ್ ಆಗುತ್ತವೆ. ಇಲ್ಲದಿದ್ದರೆ ಅವರು ತಲೆ ಅಲ್ಲಾಡಿಸಿದಾಗಲೆಲ್ಲ ಚಿತ್ರ ಕಪ್ಪಾಗಿ ಬೆಳ್ಳಗಾಗುತ್ತಿರುತ್ತದೆ.

ಇನ್ನು ಫ್ಯಾನು. ಅದರ ಸದ್ದು ಮಾತಿನ ಜೊತೆ ಮೈಕಿಗೆ ಸೇರಿಬಿಡುತ್ತದೆ. ಏಪ್ರಿಲ್ ತಿಂಗಳಲ್ಲಿ ಕಲಬುರಗಿಯಂಥ ಊರಲ್ಲಿ ಹಿರಿಯರೊಬ್ಬರನ್ನು ಕೂರಿಸಿ "ಫ್ಯಾನ್ ಆಫ್ ಮಾಡ್ಲಾ?" ಅಂತ ಕೇಳುವುದಕ್ಕೆ ಗುಂಡಿಗೆ ಬೇಕು. ನಾನು ಹೇಳಿಕೊಡುವ ಉಪಾಯ ಹೀಗಿದೆ. ಪ್ರಶ್ನೆ ಕೇಳುವಾಗ ಫ್ಯಾನ್ ಇರಲಿ, ಉತ್ತರ ಶುರುವಾಗುವ ಮುಂಚೆ ಆರಿಸಿ, ಮುಗಿದ ಮೇಲೆ ಮತ್ತೆ ಹಾಕಿ. ತಂಡದ ಒಬ್ಬರು ಸ್ವಿಚ್ ಹತ್ತಿರವೇ ನಿಂತಿರಲಿ, ಅದೂ ಒಂದು ಕೆಲಸವೇ. ಕಾಲರ್ ಮೈಕ್ ಇದ್ದರೆ ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ಸೆರಗು, ಸರ ತಾಗದ ಹಾಗೆ. ಇಲ್ಲದಿದ್ದರೆ ಇನ್ನೊಂದು ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ವಾಯ್ಸ್ ರೆಕಾರ್ಡರ್ ಆನ್ ಮಾಡಿ, ಫ್ರೇಮಿನ ಹೊರಗೆ ಅವರ ಹತ್ತಿರವೇ ಇಡಿ. ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ತಟ್ಟಿದರೆ ಆಮೇಲೆ ವಿಡಿಯೋ, ಆಡಿಯೋ ಎರಡನ್ನೂ ಹೊಂದಿಸುವುದು ಸಲೀಸು. ಉದ್ದದ ರೆಕಾರ್ಡಿಂಗ್ ಬೇಡ. ಎಷ್ಟೋ ಫೋನುಗಳು ಫ್ರೇಮ್ ರೇಟನ್ನು ಸ್ವಲ್ಪ ಏರಿಳಿಸುತ್ತಲೇ ಇರುತ್ತವೆ. ಹೋಗ್ತಾ ಹೋಗ್ತಾ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗಬಹುದು. ಪ್ರತಿ ಪ್ರಶ್ನೆಗೂ ನಿಲ್ಲಿಸಿ, ಮತ್ತೆ ಚಪ್ಪಾಳೆ ತಟ್ಟಿ.

ಹೊರಡುವ ಮುಂಚೆ ಯಾರೂ ಮಾತಾಡದೆ ಅರ್ಧ ನಿಮಿಷ ಆ ಕೋಣೆಯ ಸದ್ದನ್ನೇ ರೆಕಾರ್ಡ್ ಮಾಡಿ. ಮಾತು ಕತ್ತರಿಸಿದ ಜಾಗದಲ್ಲಿ ತುಂಬಲು ಅದು ಬೇಕೇ ಬೇಕು. ಇದನ್ನು ಹೇಳಿದಾಗ ನಗುವವರೇ ಜಾಸ್ತಿ.

ಶಾಟ್‌ಗಳ ಬಗ್ಗೆ ಇಷ್ಟೇ: ಅಲ್ಲಾಡಿಸದೆ ಹತ್ತು ಸೆಕೆಂಡ್ ಹಿಡಿಯಿರಿ. ಜೂಮ್ ಬದಲು ಎರಡು ಹೆಜ್ಜೆ ಮುಂದೆ ಹೋಗಿ. ಕೆಲಸ ಮಾಡುವವರ ಕೈ, ಮುಖ, ಇಡೀ ಜಾಗ, ಮೂರನ್ನೂ ಬೇರೆ ಬೇರೆಯಾಗಿ ತೆಗೆಯಿರಿ.

ಫೈಲನ್ನು ಕೇಬಲ್ ಹಾಕಿ ಅಥವಾ ಪೆನ್‌ಡ್ರೈವ್‌ನಲ್ಲಿ ಕಾಪಿ ಮಾಡಿಕೊಂಡು ತನ್ನಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಅಂತಲೇ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ. ಹಾಗೆ ಬಂದದ್ದನ್ನು ನಾನು ಟೈಮ್‌ಲೈನ್ ಮೇಲೆ ಇಡುವುದೇ ಇಲ್ಲ.