ಮ್ಯಾಗ್ನಿಟ್ಯೂಡ್ ಕಡಿಮೆಯಾದರೆ ಹೊಳಪು ಜಾಸ್ತಿ, ಅದು ಹೇಗೆ?

ನಕ್ಷತ್ರ ನೋಡುವ ಹವ್ಯಾಸ ಹಚ್ಚಿಕೊಂಡವರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಇದು. ಮೊಬೈಲ್ ಆ್ಯಪ್‌ನಲ್ಲಿ ಲುಬ್ಧಕದ ಮೇಲೆ ಬೆರಳಿಟ್ಟರೆ ‘ಮ್ಯಾಗ್ನಿಟ್ಯೂಡ್ -1.46’ ಎಂದು ತೋರಿಸುತ್ತದೆ. ನಮಗೆ ಕಾಣುವ ಹೊಳಪನ್ನು ಹೇಳುವ ಅಂಕಿ ಇದು. ಧ್ರುವ ನಕ್ಷತ್ರಕ್ಕೆ 2. ಇರುಳಿನ ಆಕಾಶದಲ್ಲಿ ಲುಬ್ಧಕಕ್ಕಿಂತ ಹೆಚ್ಚು ಹೊಳೆಯುವ ನಕ್ಷತ್ರವೇ ಇಲ್ಲ. ಅದಕ್ಕೆ ಸೊನ್ನೆಗಿಂತ ಕೆಳಗಿನ ಅಂಕಿ ಯಾಕೆ?

ಮ್ಯಾಗ್ನಿಟ್ಯೂಡ್ ಮೂಲದಲ್ಲಿ ದರ್ಜೆಯ ಅಂಕಿ. ತರಗತಿಯಲ್ಲಿ ಒಂದನೇ ರ್‍ಯಾಂಕ್ ಆರನೇ ರ್‍ಯಾಂಕಿಗಿಂತ ಮೇಲೆ ಅಲ್ವಾ, ಹಾಗೆ. ಕ್ರಿ.ಶ. 2ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ ಕೊಟ್ಟ. ತುಂಬಾ ಹೊಳೆಯುವವು ಒಂದನೇ ದರ್ಜೆ, ಬರಿಗಣ್ಣಿಗೆ ಕಷ್ಟಪಟ್ಟು ಕಾಣುವವು ಆರನೇ ದರ್ಜೆ. ಹೊಳೆಯುವ ನಕ್ಷತ್ರ ಕಣ್ಣಿಗೆ ದೊಡ್ಡದಾಗಿಯೂ ಕಾಣುತ್ತದೆ. ಅದಕ್ಕೇ ಗಾತ್ರ ಎನ್ನುವ ಅರ್ಥದ ಈ ಪದ ಹೊಳಪಿಗೆ ಅಂಟಿಕೊಂಡಿತು.

ಈ ದರ್ಜೆಗಳಿಗೆ ಲೆಕ್ಕ ಕೊಟ್ಟವನು ಇಂಗ್ಲೆಂಡಿನ ಖಗೋಳ ವಿಜ್ಞಾನಿ ನಾರ್ಮನ್ ಪಾಗ್ಸನ್. ಒಂದನೇ ದರ್ಜೆಯ ನಕ್ಷತ್ರದಿಂದ ನಮಗೆ ಬರುವ ಬೆಳಕು ಆರನೆಯದಕ್ಕಿಂತ ಸುಮಾರು 100 ಪಟ್ಟು. ಅದನ್ನೇ ನಿಯಮ ಮಾಡೋಣ ಎಂದು 1856ರಲ್ಲಿ ಸೂಚಿಸಿದ. ಐದು ಮೆಟ್ಟಿಲಿಗೆ 100 ಪಟ್ಟು, ಅಂದರೆ ಒಂದು ಮೆಟ್ಟಿಲಿಗೆ ಸುಮಾರು 2.5 ಪಟ್ಟು. ಹೀಗೆ ಅಳೆದಾಗ ಕೆಲವು ನಕ್ಷತ್ರಗಳು ಒಂದನ್ನೂ ದಾಟಿ, ಸೊನ್ನೆಯನ್ನೂ ದಾಟಿ ಆಚೆ ಹೋದವು. ಮೈನಸ್ ಬಂದದ್ದು ಹೀಗೆ. ಹುಣ್ಣಿಮೆ ಚಂದ್ರ -12.7, ಸೂರ್ಯ -26.7. ನಡುವೆ 14 ಮೆಟ್ಟಿಲು. ಸೂರ್ಯನ ಹೊಳಪು ಹುಣ್ಣಿಮೆ ಚಂದ್ರನ ಸುಮಾರು ನಾಲ್ಕು ಲಕ್ಷ ಪಟ್ಟು ಎಂದಾಯಿತು.

ಪಾಗ್ಸನ್ ಹೆಸರು ನಮ್ಮಲ್ಲಿ ಇನ್ನೂ ಜಾಸ್ತಿ ಜನರಿಗೆ ಗೊತ್ತಿರಬೇಕಿತ್ತು. 1861ರಿಂದ 1891ರಲ್ಲಿ ಸಾಯುವವರೆಗೆ ಆತ ಮದರಾಸಿನ ನುಂಗಂಬಾಕ್ಕಂನಲ್ಲಿದ್ದ ವೀಕ್ಷಣಾಲಯದ ಮುಖ್ಯಸ್ಥ. ಅಲ್ಲಿ ಆತನ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ ಹೊಳಪು ಏರಿಳಿಯುವ ನಕ್ಷತ್ರವೊಂದನ್ನು ಪತ್ತೆ ಮಾಡಿದರು. ಇಂಥ ನಕ್ಷತ್ರ ಹಿಡಿಯಲು ರಾತ್ರಿಯಿಂದ ರಾತ್ರಿಗೆ ಮ್ಯಾಗ್ನಿಟ್ಯೂಡ್ ಬರೆದಿಡುತ್ತಾ ಹೋಗಬೇಕು, ಬೇರೆ ದಾರಿಯಿಲ್ಲ. ಆ ವೀಕ್ಷಣಾಲಯದ ಪರಂಪರೆಯೇ ಕೊಡೈಕೆನಾಲ್ ದಾಟಿ ಇಂದು ಬೆಂಗಳೂರಿನ ಕೋರಮಂಗಲದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನಲ್ಲಿ ಮುಂದುವರಿದಿದೆ.

ಭೂಕಂಪದ ಮ್ಯಾಗ್ನಿಟ್ಯೂಡ್ ಬಗ್ಗೆಯೂ ಕೇಳುತ್ತಾರೆ. ಆ ಪದವನ್ನು ಚಾರ್ಲ್ಸ್ ರಿಕ್ಟರ್ ಖಗೋಳದವರಿಂದಲೇ ಎರವಲು ಪಡೆದ. ಆದರೆ ಅಲ್ಲಿ ಅಂಕಿ ಏರಿದಷ್ಟೂ ಕಂಪನ ದೊಡ್ಡದು. ಎರಡನ್ನೂ ಬೆರೆಸಬೇಡಿ.

ಸರಿ, ಈ ಅಂಕಿಯನ್ನು ಬಳಸುವುದು ಹೇಗೆ? ಮೊದಲು ನಿಮ್ಮ ಆಕಾಶದ ಮಿತಿ, ಅಂದರೆ ಎಷ್ಟು ಮ್ಯಾಗ್ನಿಟ್ಯೂಡಿನವರೆಗೆ ಕಾಣುತ್ತದೆ ಎಂದು ತಿಳಿದುಕೊಳ್ಳಿ. ಬೇಸಿಗೆಯ ಸಂಜೆ ಉತ್ತರಕ್ಕೆ ತಿರುಗಿ ಸಪ್ತರ್ಷಿ ಮಂಡಲ ನೋಡಿ. ಏಳರಲ್ಲಿ ಆರು ಸುಲಭವಾಗಿ ಸಿಗುತ್ತವೆ. ಚೌಕ ಮತ್ತು ಬಾಲ ಸೇರುವಲ್ಲಿರುವ ಅತ್ರಿ ಮಾತ್ರ ಮಂಕು, ಮ್ಯಾಗ್ನಿಟ್ಯೂಡ್ 3.3. ಬೆಂಗಳೂರಿನ ನಡುವೆ ನಿಂತರೆ ಅದನ್ನು ಹುಡುಕಬೇಕಾಗುತ್ತದೆ. ವಸಿಷ್ಠನ ಪಕ್ಕದ ಅರುಂಧತಿ 4. ಮದುವೆಯಲ್ಲಿ ಹಗಲಲ್ಲೇ ಬೆರಳು ತೋರಿಸುತ್ತೇವಲ್ಲ, ಅದೇ ಅರುಂಧತಿ. ಅವಳು ಬರಿಗಣ್ಣಿಗೆ ಸ್ಪಷ್ಟವಾಗಿ ಕಂಡರೆ ನಿಮ್ಮ ಊರಿನ ಆಕಾಶ ಚೆನ್ನಾಗಿದೆ. ದೀಪಗಳಿಲ್ಲದ ಹಳ್ಳಿಯಲ್ಲಿ ಅಮಾವಾಸ್ಯೆ ರಾತ್ರಿ 6ರವರೆಗೂ ಕಾಣುತ್ತದೆ. ಅಲ್ಲಿ ಸಾಧಾರಣ ಬೈನಾಕ್ಯುಲರ್ ಹಿಡಿದರೆ ಸುಮಾರು 9ರವರೆಗೆ.

ಒಂದು ಎಚ್ಚರಿಕೆ ಇದೆ, ಬಹಳ ಜನ ನಿರಾಶರಾಗುವುದು ಇಲ್ಲೇ. ಆಂಡ್ರೊಮಿಡಾ ಗೆಲಾಕ್ಸಿಯ ಮ್ಯಾಗ್ನಿಟ್ಯೂಡ್ 3.4. ಲೆಕ್ಕದ ಪ್ರಕಾರ ಅರುಂಧತಿಗಿಂತ ಅದೇ ಹೆಚ್ಚು ಹೊಳೆಯಬೇಕು. ನೋಡಿದರೆ ಅರುಂಧತಿ ಮೊದಲು ಕಾಣುತ್ತಾಳೆ. ಯಾಕೆಂದರೆ ಗೆಲಾಕ್ಸಿಗೆ ಕೊಟ್ಟ ಅಂಕಿ ಅದರ ಒಟ್ಟು ಬೆಳಕಿನದು. ಆ ಬೆಳಕು ಸುಮಾರು ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದಕ್ಕೆ ಹರಡಿದೆ. ನಕ್ಷತ್ರದ ಬೆಳಕೆಲ್ಲಾ ಒಂದೇ ಚುಕ್ಕೆಯಲ್ಲಿರುತ್ತದೆ.

ಧೂಮಕೇತುಗಳಿಗೂ ಇದೇ ಮಾತು, ಅವುಗಳ ಬೆಳಕೂ ಹರಡಿರುತ್ತದೆ. 2024ರ ಅಕ್ಟೋಬರಿನಲ್ಲಿ ತ್ಸುಚಿನ್ಶಾನ್-ಅಟ್ಲಾಸ್ ಧೂಮಕೇತು ಬಂದಾಗ ‘ಅಷ್ಟು ಒಳ್ಳೆ ಮ್ಯಾಗ್ನಿಟ್ಯೂಡ್ ಇದೆ ಅಂದರು, ನನಗೆ ಕಾಣಲೇ ಇಲ್ಲ’ ಎಂದು ಹಲವರು ಕೇಳಿದರು. ಅಂಕಿ ಸರಿಯೇ ಇತ್ತು. ಆದರೆ ಧೂಮಕೇತು ದಿಗಂತದ ಹತ್ತಿರ, ಸೂರ್ಯನ ನಸುಬೆಳಕಿನಲ್ಲಿತ್ತು. ದಿಗಂತದ ಬಳಿ ಬೆಳಕು ಹೆಚ್ಚು ಗಾಳಿ, ಧೂಳು ದಾಟಿ ಬರಬೇಕು, ಇನ್ನಷ್ಟು ಮಂಕಾಗುತ್ತದೆ. ಮುಂದಿನ ಧೂಮಕೇತು ಬಂದಾಗ ಮ್ಯಾಗ್ನಿಟ್ಯೂಡ್ ಜೊತೆಗೆ ಅದು ದಿಗಂತದಿಂದ ಎಷ್ಟು ಮೇಲಿರುತ್ತದೆ, ಆ ಹೊತ್ತಿಗೆ ಆಕಾಶ ಎಷ್ಟು ಕತ್ತಲಾಗಿರುತ್ತದೆ ಎಂದೂ ನೋಡಿಕೊಳ್ಳಿ. ಅಂಕಿ 3 ಇದ್ದರೂ ಬೈನಾಕ್ಯುಲರ್ ಜೊತೆಗಿರಲಿ.