ಸತ್ತ ಹುಳಕ್ಕೆ ರೂಢಿ ಹೇಗಾದೀತು?

2024ರ ಜನವರಿಯ ಎಳ್ಳಮಾವಾಸ್ಯೆಯಂದು ಸಿಂದಗಿ ತಾಲ್ಲೂಕಿನ ನಮ್ಮ ಹೊಲದಲ್ಲಿ ಭೂತಾಯಿಗೆಂದು ಬೆಳೆಯ ನಡುವೆ ನೈವೇದ್ಯ ಎರಚುವ ಚರಗ ಚೆಲ್ಲಿ, ಬನ್ನಿಗಿಡದ ನೆರಳಿನಲ್ಲಿ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆಯ ಬುತ್ತಿ ಬಿಚ್ಚಿ ಕುಳಿತಾಗ ಡಾರ್ವಿನ್ನನ ಮಾತು ತೆಗೆದವನು ನಾನೇ. ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದವನಿಗೆ ಹಬ್ಬದ ದಿನವೂ ಸುಮ್ಮನಿರಲು ಬರುವುದಿಲ್ಲ. ಅದಕ್ಕೆ ಹಿಂದಿನ ವರ್ಷವಷ್ಟೇ ಎನ್‌ಸಿಇಆರ್‌ಟಿಯವರು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟಿದ್ದರು, 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಅದನ್ನು ವಿರೋಧಿಸಿ ಬಹಿರಂಗ ಪತ್ರ ಬರೆದಿದ್ದರು. ಆ ಸಿಟ್ಟು ನನ್ನಲ್ಲಿ ಇನ್ನೂ ಆರಿರಲಿಲ್ಲ. ಕಾಕಾ ಕೇಳಿಸಿಕೊಳ್ಳುವವರೆಗೆ ಕೇಳಿಸಿಕೊಂಡು, ತಮ್ಮ ಮಾಮೂಲಿ ಪ್ರಶ್ನೆಯನ್ನು ಮುಂದಿಟ್ಟರು.

"ಮಂಗ್ಯಾ ಮನಶ್ಯಾ ಆದಾ ಅನ್ನೂದು ಖರೇ ಇದ್ದರ, ಈಗಿನ ಮಂಗ್ಯಾಗೋಳು ಯಾಕ ಹಂಗ ಕುಂತಾವು ಮಾಸ್ತರ?"

ಈ ಪ್ರಶ್ನೆಗೆ ಕಾಕಾನನ್ನು ಹಂಗಿಸುವಂತಿಲ್ಲ. 2018ರ ಜನವರಿಯಲ್ಲಿ ಕೇಂದ್ರದ ಸಚಿವರೊಬ್ಬರು, ಮಂಗ ಮನುಷ್ಯನಾದದ್ದನ್ನು ಯಾರೂ ನೋಡಿಲ್ಲವಾದ್ದರಿಂದ ಡಾರ್ವಿನ್ನನ ಸಿದ್ಧಾಂತವೇ ತಪ್ಪು ಎಂದಿದ್ದರು; ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆಯಬೇಕಾಯಿತು. "ಮಂಗನಿಂದ ಮಾನವ" ಎಂಬ ಎರಡು ಪದಗಳ ಪ್ರಾಸವನ್ನು ನಾವು ಮಾಸ್ತರರೇ ಎಷ್ಟು ವರ್ಷ ಕರಿಹಲಗೆಯ ಮೇಲೆ ಬರೆದಿಲ್ಲ? ನಾನು ಮನೆತನದ ಉದಾಹರಣೆ ಕೊಟ್ಟೆ. ನಾನೂ ಕಾಕಾನ ಮಗನೂ ಒಬ್ಬ ಮುತ್ಯಾನ ಮೊಮ್ಮಕ್ಕಳು. ಹಾಗೆಂದು ಅವನಿಂದ ನಾನು ಹುಟ್ಟಿಲ್ಲ, ನನ್ನಿಂದ ಅವನೂ ಹುಟ್ಟಿಲ್ಲ. ಚಿಂಪಾಂಜಿಗೂ ನಮಗೂ ಇರುವುದು ಅಂಥದ್ದೇ ದಾಯಾದಿ ಸಂಬಂಧ, ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಪಾಲಾದ ಮನೆ ಅದು. ಕಾಕಾ ರೊಟ್ಟಿ ಮುರಿಯುತ್ತ, "ಅಂದ್ರ ನಮ್ಮ ಮುತ್ಯಾನ್ನ ಮಂಗ್ಯಾ ಅಂದಂಗಾತಲ್ಲೋ!" ಎಂದರು. ಕುಳಿತವರೆಲ್ಲ ನಕ್ಕರು. ನಾನು ಸೋತೆ.

ಸೋತವನು ಅಂಕಿಅಂಶದ ಆಸರೆ ಹಿಡಿಯುತ್ತಾನೆ. 34 ದೇಶಗಳ ಜನರು ವಿಕಾಸವನ್ನು ಎಷ್ಟು ಒಪ್ಪುತ್ತಾರೆ ಎಂಬುದನ್ನು ಹೋಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದ ವಿಷಯ ಹೇಳಿದೆ. ಐಸ್‌ಲ್ಯಾಂಡ್, ಡೆನ್ಮಾರ್ಕ್, ಸ್ವೀಡನ್ನಿನಂಥ ದೇಶಗಳು ಅದರಲ್ಲಿ ಮೇಲಿದ್ದವು, ಎಲ್ಲಕ್ಕಿಂತ ಕೆಳಗೆ ತುರ್ಕಿ, ಅದರ ಒಂದೇ ಮೆಟ್ಟಿಲು ಮೇಲೆ ಅಮೆರಿಕ. "ನಮ್ಮದು ಎಷ್ಟನೇ ನಂಬರ?" ಎಂದು ಕಾಕಾ ಕೇಳಿದರು. ಆ ಪಟ್ಟಿಯಲ್ಲಿ ನಾವು ಇರಲೇ ಇಲ್ಲ ಎಂದೆ. "ಛಲೋ ಆತು ಬಿಡು" ಎಂದು ಕೈತೊಳೆಯಲು ಎದ್ದರು.

ಊಟವಾದ ಮೇಲೆ ಹತ್ತಿ ನೋಡಲು ಹೋದೆವು. ಕೃಷಿ ಪದವಿ ಓದುತ್ತಿರುವ ಕಾಕಾನ ಮೊಮ್ಮಗಳೂ ಜೊತೆಗಿದ್ದಳು. ಅವಳು ನುಣುಪಾದ ಒಂದು ಹಸಿರು ಕಾಯಿಯನ್ನು ಕಿತ್ತು ಹೆಬ್ಬೆರಳಿನಿಂದ ಒತ್ತಿ ಬಿಡಿಸಿದಳು. ಹೊರಗೆ ಒಂದು ಕಲೆಯೂ ಇರಲಿಲ್ಲ. ಒಳಗಿನ ಒಂದು ತೊಳೆಯಲ್ಲಿ ಅರಳೆ ಕಂದು ಬಣ್ಣಕ್ಕೆ ತಿರುಗಿ ಅಂಟಾಗಿತ್ತು. ಒಂದಕ್ಕೊಂದು ಹತ್ತಿಕೊಂಡಿದ್ದ ಎರಡು ಕಾಳುಗಳ ನಡುವೆ, ಅರ್ಧ ಅಂಗುಲವೂ ಇಲ್ಲದ, ಕಂದು ತಲೆಯ ಗುಲಾಬಿ ಹುಳವೊಂದು ಬಿಸಿಲಿಗೆ ಮೈ ಮುರಿಯಿತು. ಗುಲಾಬಿ ಕಾಯಿಕೊರಕ ಎಂದರೆ ಇದೇ. ಮೊಟ್ಟೆಯಿಂದ ಹೊರಬಂದದ್ದೇ ಹೂವನ್ನೋ ಎಳೆಗಾಯಿಯನ್ನೋ ಹೊಕ್ಕುಬಿಡುವುದರಿಂದ ಮೇಲೆ ಎಷ್ಟು ಎಣ್ಣೆ ಹೊಡೆದರೂ ಇದಕ್ಕೆ ತಾಗುವುದಿಲ್ಲ. ಇಂಥ ಹುಳಗಳನ್ನು ಕೊಲ್ಲುವ ವಿಷ ಗಿಡದೊಳಗೇ ಹುಟ್ಟುವಂತೆ ಒಂದು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಹತ್ತಿಯೇ ಬಿಟಿ ಹತ್ತಿ.

"ಬಿಟಿ ಹತ್ತಿ ಬಂದಾಗ ಈ ಹುಳಾ ಕಣ್ಣಿಗೇ ಬೀಳತಿದ್ದಿಲ್ಲ. ಈಗ ಅದಕ್ಕ ಬಿಟಿ ರೂಢಿ ಆಗೇತಿ. ದಿನಾ ತಿಂದು ತಿಂದು ಮೈಗೆ ಹತ್ತೇತಿ" ಎಂದರು ಕಾಕಾ.

"ಹೌದು ಕಾಕಾ, ಹೊಂದಿಕೊಂಡಾವು" ಎಂದು ನಾನೂ ತಲೆಯಾಡಿಸಿದೆ.

ಹುಡುಗಿ ನಮ್ಮಿಬ್ಬರನ್ನೂ ನೋಡಿ, "ದೊಡ್ಡಪ್ಪಾ, ಬಿಟಿ ತಿಂದ ಹುಳಾ ಸಾಯತೈತಿ. ಸತ್ತ ಹುಳಕ್ಕ ರೂಢಿ ಹೆಂಗ ಆಗತೈತ್ರಿ?" ಎಂದಳು.

ನನಗೆ ಉತ್ತರ ಗೊತ್ತಿರಲಿಲ್ಲವೆಂದಲ್ಲ. ಬಿಟಿಯ ವಿಷ ಹುಳದ ಕರುಳಿನ ಗೋಡೆಗೆ ಅಂಟಿ ಅದನ್ನು ತೂತು ಮಾಡುತ್ತದೆ. ಎಲ್ಲೋ ಒಂದೊಂದು ಹುಳದ ಕರುಳು ಹುಟ್ಟಿನಿಂದಲೇ ತುಸು ಬೇರೆಯಾಗಿದ್ದು, ವಿಷ ಅಲ್ಲಿ ಸರಿಯಾಗಿ ಅಂಟುವುದಿಲ್ಲ. ಉಳಿದವೆಲ್ಲ ಸತ್ತಾಗ ಬದುಕುವುದು ಅದು, ಮೊಟ್ಟೆಯಿಡುವುದೂ ಅದರ ವಂಶವೇ. ಯಾವ ಹುಳವೂ ಏನನ್ನೂ ಕಲಿತಿಲ್ಲ, ರೂಢಿ ಮಾಡಿಕೊಂಡಿಲ್ಲ. ಹೊಲದಲ್ಲಿ ಉಳಿದವರು ಯಾರು ಎಂಬುದಷ್ಟೇ ಬದಲಾಗಿದೆ. ಇದು ನನಗೆ ಪಾಠವಾಗಿ ಬಾಯಿಗೆ ಬರುತ್ತಿತ್ತು. ಜಿರಾಫೆ ಎಲೆಗಾಗಿ ಚಾಚಿ ಚಾಚಿ ಕತ್ತು ಉದ್ದವಾಯಿತೆಂಬ ಲಾಮಾರ್ಕನ ವಾದ ಏಕೆ ತಪ್ಪೆಂದು ಪ್ರತಿ ವರ್ಷ ಬಿಡಿಸಿ ಹೇಳಿದವನು ನಾನು. ಆದರೆ ಅದೇ ವಾದ ಹತ್ತಿಹುಳದ ವೇಷದಲ್ಲಿ ನನ್ನ ಹೊಲದಲ್ಲೇ ಎದುರಾದಾಗ ಹೌದೆಂದು ತಲೆಯಾಡಿಸಿದ್ದೆ. ಡಾರ್ವಿನ್ನನನ್ನು ಒಪ್ಪದ ಕಾಕಾ, ಒಪ್ಪುವುದೇ ಕಸುಬಾದ ನಾನು, ಇಬ್ಬರೂ ಆ ಹುಳದ ಮಟ್ಟಿಗೆ ಲಾಮಾರ್ಕನ ಪಕ್ಷದವರೇ ಆಗಿದ್ದೆವು. "ಕೀಟಗಳು ಔಷಧಿಗೆ ಹೊಂದಿಕೊಳ್ಳುತ್ತವೆ" ಎಂದು ಬರೆದ ಮಕ್ಕಳಿಗೆ ನಾನು ಎಷ್ಟು ಸಲ ಪೂರ್ತಿ ಎರಡು ಅಂಕ ಕೊಟ್ಟಿದ್ದೇನೋ ಲೆಕ್ಕವಿಲ್ಲ. "ವಿಕಾಸ" ಎಂಬ ಪದದ ತಪ್ಪೂ ಇದರಲ್ಲಿ ಅಷ್ಟಿಷ್ಟು ಇದ್ದೀತು. ಹೂವು ಅರಳುವ, ಮೇಲೇರುವ ಅರ್ಥದ ಆ ಪದ ಕೇಳಿದ ಕೂಡಲೇ ಯಾರೋ ಪ್ರಯತ್ನಪಟ್ಟು ಉದ್ಧಾರವಾದಂತೆ ಮನಸ್ಸಿಗೆ ತೋರುತ್ತದೆ.

ಹುಡುಗಿ ಅಜ್ಜನಿಗೆ ಇನ್ನೊಂದು ಪ್ರಶ್ನೆ ಹಾಕಿದಳು. "ಮುತ್ಯಾ, ಬಿಟಿ ಬೀಜದ ಪಾಕೀಟಿನ ಜೋಡಿ ಒಂದು ಸಣ್ಣ ಪಾಕೀಟ ಬರತಿತ್ತಲ್ಲ, ಅದನ್ನ ಏನ ಮಾಡತಿದ್ರಿ?"

450 ಗ್ರಾಂ ಬಿಟಿ ಬೀಜದೊಂದಿಗೆ 120 ಗ್ರಾಂ ಬಿಟಿಯಲ್ಲದ ಬೀಜ ಬರುತ್ತಿತ್ತು. ಹೊಲದ ಸುತ್ತ ಅದನ್ನು ಬಿತ್ತಬೇಕೆಂಬುದು ನಿಯಮ. ಕಾಕಾ ಮೊದಲ ವರ್ಷ ಒಂದೆರಡು ಸಾಲು ಬಿತ್ತಿದ್ದರಂತೆ. ಆ ಸಾಲನ್ನು ಹುಳ ತಿಂದು ಹಾಕಿತು. ಮರುವರ್ಷದಿಂದ ಪಾಕೀಟು ಒಡೆಯದೆ ಬದುವಿಗೆ ಎಸೆದರು. ಊರಲ್ಲಿ ಎಲ್ಲರೂ ಎಸೆದರು. ಹುಳ ತಿನ್ನಲೆಂದೇ ಆ ಸಾಲು ಇರುವುದು ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಅಲ್ಲಿ ಬೆಳೆದ ಬಡಪಾಯಿ ಹುಳಗಳು ಪತಂಗವಾಗಿ, ಬಿಟಿಯಲ್ಲಿ ಉಳಿದ ಗಟ್ಟಿ ಹುಳದ ಪತಂಗಗಳೊಂದಿಗೆ ಕೂಡಿದರೆ ಹುಟ್ಟುವ ಮರಿಗಳು ಬಹುಮಟ್ಟಿಗೆ ಬಿಟಿಗೆ ಸಾಯುತ್ತವೆ. ಆ ಕೂಡುವಿಕೆಗೆ ಜಾಗವೇ ಇಲ್ಲದಂತಾದಾಗ ಗಟ್ಟಿಗೆ ಗಟ್ಟಿಯೇ ಜೋಡಿಯಾಯಿತು. 2002ರಲ್ಲಿ ಬಂದ ಒಂದು ಜೀನಿನ ಹತ್ತಿಯನ್ನು ಈ ಹುಳ ಗೆದ್ದದ್ದು ಗುಜರಾತಿನಲ್ಲಿ 2010ರ ಹೊತ್ತಿಗೆ ಖಚಿತವಾಗಿತ್ತು. 2006ರ ಎರಡು ಜೀನಿನ ಹತ್ತಿಯೂ ಮುಂದೆ ನಾಲ್ಕೈದು ವರ್ಷಗಳಲ್ಲಿ ಅದೇ ದಾರಿ ಹಿಡಿಯಿತು. ಪಟ್ಟಿಯ ತಳದಲ್ಲಿದ್ದ ಅಮೆರಿಕದ ಕಥೆ ಹೀಗಾಗಲಿಲ್ಲ. ಅಲ್ಲಿನ ಅರಿಜೋನಾದ ಹತ್ತಿ ಬೆಳೆಗಾರರು 1996ರಿಂದ ಬಿಟಿಯಲ್ಲದ ಹತ್ತಿಯನ್ನು ತಪ್ಪದೆ ಬೆಳೆದರು, 2006ರಿಂದ ಸಂತಾನಶಕ್ತಿಯಿಲ್ಲದ ಪತಂಗಗಳನ್ನು ಹಾರಿಬಿಟ್ಟರು, 2018ರಲ್ಲಿ ಈ ಹುಳ ತಮ್ಮ ದೇಶದ ಹತ್ತಿಹೊಲಗಳಿಂದ ನಿರ್ಮೂಲವಾಯಿತೆಂದು ಆ ದೇಶ ಘೋಷಿಸಿತು. ಆ ಬೆಳೆಗಾರರಲ್ಲಿ ಡಾರ್ವಿನ್ನನನ್ನು ಒಪ್ಪಿದವರು ಎಷ್ಟು ಜನವೋ!

ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಬೆಳಿಗ್ಗೆ ತಾವೇ ಚರಗ ಚೆಲ್ಲಿದ ದಿಕ್ಕಿಗೆ ನೋಡಿ, "ಅಂದ್ರ ಅದು ಹುಳದ ಪಾಲಿನ ಚರಗ. ಅದನ್ನ ನಾವು ಚೆಲ್ಲಲಿಲ್ಲ" ಎಂದರು. ಇಷ್ಟು ವರ್ಷಗಳ ನನ್ನ ಪಾಠದಲ್ಲಿ ಇಂಥ ಒಂದು ಹೋಲಿಕೆ ನನಗೆ ಹೊಳೆದಿರಲಿಲ್ಲ.

ಸಂಜೆ ಹೊರಡುವಾಗ ಅವರು ಮೊಮ್ಮಗಳ ಹತ್ತಿರ ಎಲ್ಲವನ್ನೂ ಇನ್ನೊಮ್ಮೆ ಕೇಳಿ ತಿಳಿದುಕೊಂಡರು. ಹತ್ತಿಯನ್ನು ಮಾರ್ಚ್‌ವರೆಗೆ ಎಳೆಯದೆ ಈ ತಿಂಗಳೇ ಕೀಳಿಸುವುದು, ಒಳಗೆ ಹುಳ ಅಡಗಿರುವ ಕಟ್ಟಿಗೆಯನ್ನು ಒಲೆಗೆಂದು ಬದುವಿನಲ್ಲಿ ಒಟ್ಟದಿರುವುದು, ಬರುವ ವರ್ಷ ಆ ಹೊಲಕ್ಕೆ ತೊಗರಿ ಹಾಕುವುದು ಎಂದು ತೀರ್ಮಾನವಾಯಿತು. ಬುತ್ತಿಯ ಬುಟ್ಟಿಯನ್ನು ಟ್ರ್ಯಾಕ್ಟರಿನ ಮೇಲಿಟ್ಟು ನನ್ನ ಕಡೆ ತಿರುಗಿದರು.

"ಹುಳದ ಮಾತು ಖರೇ ಐತಿ ಮಾಸ್ತರ. ಮಂಗ್ಯಾನ ಮಾತು ಮಾತ್ರ ನಾ ಒಪ್ಪಂಗಿಲ್ಲ."